ಅತ್ತಿಮರವೂ ಕಣಜವೂ: ಉಪಕಾರವೋ, ಸುಲಿಗೆಯೋ?

ಕಾನುಗುಬ್ಬಿ:
ಅತ್ತಿಮರ ಮತ್ತು ಅದರ ಕಣಜವನ್ನು ಪರಸ್ಪರ ಉಪಕಾರದ ಶ್ರೇಷ್ಠ ನಿದರ್ಶನವೆಂದು ಹೊಗಳುವುದು ವಾಡಿಕೆ. ಈ ಹೊಗಳಿಕೆಗೆ ನನ್ನ ತಕರಾರಿದೆ. ನಾವು ಹಣ್ಣೆನ್ನುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರ ತುದಿಯ ಕಿಂಡಿ ಎಷ್ಟು ಇಕ್ಕಟ್ಟೆಂದರೆ, ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಒಳನುಸುಳುವಾಗ ಅದರ ರೆಕ್ಕೆಗಳು ಕಿತ್ತುಹೋಗುತ್ತವೆ, ಮೀಸೆಗಳು ತುಂಡಾಗುತ್ತವೆ. ಒಳಗೆ ಪರಾಗ ಹರಡಿ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಅದು ಅಲ್ಲಿಯೇ ಸಾಯುತ್ತದೆ. ಮರಿ ಬೆಳೆದ ಪ್ರತಿಯೊಂದು ಹೂವೂ ಮರಕ್ಕೆ ಒಂದು ಬೀಜದ ನಷ್ಟ. ಪರಸ್ಪರ ಸುಲಿಗೆ ಸರಿದೂಗಿರುವುದನ್ನೇ ನಾವು ಸ್ನೇಹವೆಂದು ಭಾವಿಸಿದ್ದೇವೆ ಎಂಬುದು ನನ್ನ ವಾದ.

ಸಸ್ಯಶಾಸ್ತ್ರದ ಅಧ್ಯಾಪಕಿ:
ವಿವರಗಳೆಲ್ಲ ಸರಿ, ತೀರ್ಮಾನ ಮಾತ್ರ ಒಪ್ಪತಕ್ಕದ್ದಲ್ಲ. ಖರ್ಚು ಇದೆಯೆಂದ ಮಾತ್ರಕ್ಕೆ ಲಾಭ ಇಲ್ಲವೆಂದಾಗುವುದಿಲ್ಲ. ನಮ್ಮ ಅತ್ತಿಯ ಪರಾಗವಾಹಕ ಸೆರಾಟೊಸೋಲೆನ್ ಫ್ಯೂಸಿಸೆಪ್ಸ್ ಎಂಬ ಕಣಜ. ಈ ಗುಂಪಿನ ಹೆಣ್ಣುಗಳು ತಾವು ಹುಟ್ಟಿದ ಕಾಯಿಯಲ್ಲೇ ಪರಾಗವನ್ನು ಕಾಲುಗಳಿಂದ ಬಾಚಿ, ಎದೆಯ ಅಡಿಭಾಗದ ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಹೊರಡುತ್ತವೆ. ಮುಂದಿನ ಕಾಯಿಯಲ್ಲಿ ಮೊಟ್ಟೆಯಿಡುವಾಗ ಅದನ್ನು ತೆಗೆದು ಹೂಗಳಿಗೆ ಸವರುತ್ತವೆ. ಮೈಗೆ ತಾನಾಗಿ ಅಂಟಿದ ಧೂಳಿನ ಮಾತಲ್ಲ ಇದು. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಅತ್ತಿಯ ಹತ್ತಿರದ ಬಂಧುವಾದ ಸಿಕಮೋರ್ ಮರಗಳನ್ನು ಪರೀಕ್ಷಿಸಿದ ಸಂಶೋಧಕರು, ಒಂದೆರಡು ದಿನವಷ್ಟೇ ಬದುಕುವ ಕಣಜಗಳು ಗಾಳಿಯ ನೆರವಿನಿಂದ 160 ಕಿಲೋಮೀಟರ್ ದೂರದವರೆಗೂ ಪರಾಗ ಒಯ್ದಿದ್ದನ್ನು 2009ರಲ್ಲಿ ವರದಿ ಮಾಡಿದರು. ಒಂದಷ್ಟು ಬೀಜಗಳನ್ನು ಕೊಟ್ಟು ಅಂತಹ ಸೇವೆ ಪಡೆಯುವುದು ಮರಕ್ಕೆ ನಷ್ಟದ ಬಾಬತ್ತೇನಲ್ಲ.

ಹಳೇಪೇಟೆ:
ನಡುವೆ ಒಂದು ಲೌಕಿಕ ಪ್ರಶ್ನೆ. ಹಾಗಾದರೆ ವ್ರತದ ದಿನ ಅಂಜೂರ ತಿನ್ನಬಹುದೇ?

ಸಸ್ಯಶಾಸ್ತ್ರದ ಅಧ್ಯಾಪಕಿ:
ನಿಶ್ಚಿಂತೆಯಿಂದ ತಿನ್ನಿ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಪುಣೆ ತಳಿಗೆ ಪರಾಗಸ್ಪರ್ಶವೇ ಬೇಕಿಲ್ಲ, ಆದ್ದರಿಂದ ಕಣಜವೂ ಬೇಕಿಲ್ಲ. ಕಾಡಿನ ಅತ್ತಿಹಣ್ಣಿಗೆ ಮಾತ್ರ ಈ ಭರವಸೆ ಕೊಡಲಾರೆ.

ಕಾನುಗುಬ್ಬಿ:
ಮೂಲ ವಿಷಯಕ್ಕೆ ಮರಳುತ್ತೇನೆ. ಕಣಜವೊಂದು ಪರಾಗ ತರದೆ ಬಂದು, ಮೊಟ್ಟೆಯಿಟ್ಟು ಹೋದರೆ ಅದನ್ನು ತಡೆಯುವುದು ಏನು? ಅದೇ ಸಿಕಮೋರ್ ಮರದಲ್ಲಿ ಸೆರಾಟೊಸೋಲೆನ್ ಗಲಿಲಿ ಎಂಬ ಕಣಜವಿದೆ. ಪರಾಗವಾಹಕರ ವಂಶದಲ್ಲೇ ಹುಟ್ಟಿದ ಅದು ಪರಾಗ ಹೊರುವ ಕೆಲಸವನ್ನು ಕೈಬಿಟ್ಟು, ಮೊಟ್ಟೆಯಿಡುವ ಹಕ್ಕನ್ನು ಮಾತ್ರ ಉಳಿಸಿಕೊಂಡಿದೆ.

ಸಸ್ಯಶಾಸ್ತ್ರದ ಅಧ್ಯಾಪಕಿ:
ತಡೆಯುವುದು ಮರವೇ, ಎಲ್ಲ ಸಂದರ್ಭದಲ್ಲಿ ಅಲ್ಲದಿದ್ದರೂ. ಪನಾಮದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರಾಗವಿಲ್ಲದ ಕಣಜಗಳನ್ನು ಬೇಕೆಂದೇ ಕಾಯಿಗಳೊಳಗೆ ಬಿಡಲಾಯಿತು. ಕಣಜ ತಾನೇ ಪರಾಗ ಸಂಗ್ರಹಿಸುವ ಜಾತಿಗಳಲ್ಲಿ, ಮರ ಅಂತಹ ಕಾಯಿಗಳನ್ನು ಬಲಿಯುವ ಮೊದಲೇ ಉದುರಿಸಿತು, ಇಲ್ಲವೇ ಉಳಿದ ಕಾಯಿಗಳಲ್ಲಿ ಕಣಜದ ಮರಿಗಳ ಸಂಖ್ಯೆ ಕುಸಿಯಿತು. ಪರಾಗ ತಾನಾಗಿ ಮೈಗೆ ಮೆತ್ತಿಕೊಳ್ಳುವ ಜಾತಿಗಳಲ್ಲಿ ಇಂತಹ ದಂಡನೆ ಕಾಣಲಿಲ್ಲ. ಮೋಸಕ್ಕೆ ಆಸ್ಪದವಿರುವಲ್ಲಿ ಶಿಕ್ಷೆಯಿದೆ, ಇಲ್ಲದಲ್ಲಿ ಇಲ್ಲ. ನೀವು ಹೇಳಿದ ಗಲಿಲಿ ಈ ಕಾವಲಿನಲ್ಲಿ ಸಿಕ್ಕ ಸಂದು, ಅಷ್ಟೇ.

ಘಟ್ಟದ ಹಾದಿ:
ಇಬ್ಬರೂ ಅತ್ತಿಯನ್ನೇ ಹಿಡಿದುಕೊಂಡಿದ್ದೀರಿ. ಪಶ್ಚಿಮ ಘಟ್ಟದ ಹಾಸಿಗೆ ಮರವನ್ನು, ಅಂದರೆ ಹಂಬೋಲ್ಟಿಯಾ ಬ್ರುನೋನಿಸ್ ಅನ್ನು, ನೋಡಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಈ ಮರದ ಕೆಲವು ಗೆಣ್ಣುಗಳ ನಡುವಿನ ಭಾಗ ಊದಿಕೊಂಡು ಟೊಳ್ಳಾಗಿರುತ್ತದೆ, ಒಳಹೋಗಲು ಸೀಳಿನಂತಹ ಬಾಗಿಲೂ ತಾನಾಗಿ ತೆರೆಯುತ್ತದೆ. ಎಳೆಯ ಎಲೆಗಳು ಮಕರಂದ ಒಸರುತ್ತವೆ. ವಿಚಿತ್ರವೆಂದರೆ ಒಂದೇ ಕಾಡಿನ ಕೆಲವು ಮರಗಳಿಗೆ ಈ ಕೋಣೆಗಳಿವೆ, ಕೆಲವಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳ ಪ್ರಕಾರ, ಟೆಕ್ನೋಮಿರ್ಮೆಕ್ಸ್ ಆಲ್ಬಿಪೆಸ್ ಎಂಬ ಇರುವೆ ನೆಲೆಸಿದ ಕಡೆ ಎಲೆಗಳಿಗೆ ನಿಜವಾದ ರಕ್ಷಣೆ ದೊರೆಯುತ್ತದೆ. ಬೇರೆಡೆ ಅದೇ ಕೋಣೆಯಲ್ಲಿ ಕುಳಿತ ಇರುವೆಗಳಿಂದ ಹೇಳಿಕೊಳ್ಳುವ ಕಾವಲೇನೂ ಇಲ್ಲ. ಕ್ರೆಮಟೋಗ್ಯಾಸ್ಟರ್ ಡೋರ್ನಿಯಂತೂ ಹೂವಿನ ಭಾಗಗಳನ್ನೇ ನಾಶಮಾಡಿ ಮರವನ್ನು ಬಂಜೆಯಾಗಿಸುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಅಲ್ಲಿ ಅಕ್ಷರಶಃ ನಿಜ. ಆದ್ದರಿಂದ ಉಪಕಾರವೋ ಸುಲಿಗೆಯೋ ಎಂದು ಒಂದು ಮರದ ಜಾತಿಗೆ ಕಾಯಂ ಹಣೆಪಟ್ಟಿ ಹಚ್ಚುವುದೇ ತಪ್ಪು. ಯಾವ ಕಾಡು, ಒಳಗೆ ಯಾವ ಇರುವೆ ಎಂದು ಮೊದಲು ಕೇಳಬೇಕು.

ಕಾನುಗುಬ್ಬಿ:
ಈ ಮಾತು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೂ, ಕಾವಲು ಕಾಯದ ಬಾಡಿಗೆದಾರರಿಗೆ ಮರ ಕೋಣೆ ಕಟ್ಟುತ್ತಲೇ ಇರುವುದೇಕೆ?

ಘಟ್ಟದ ಹಾದಿ:
ಬಾಡಿಗೆ ಬೇರೆ ರೂಪದಲ್ಲಿ ಸಂದಾಯವಾಗುತ್ತಿರಬಹುದು. ಆ ಕೋಣೆಗಳಲ್ಲಿ ಇರುವೆಗಳಷ್ಟೇ ಅಲ್ಲ, ಮರವೇರುವ ಒಂದು ಎರೆಹುಳುವೂ ವಾಸಿಸುತ್ತದೆ. ಒಳಗೆ ಉಳಿಯುವ ಕಸ ಮತ್ತು ಹಿಕ್ಕೆಗಳ ಸಾರಜನಕ ಮರದ ಅಂಗಾಂಶಕ್ಕೆ ಸೇರುವುದು 2014ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಎಲೆ ಕಾಯುವುದೊಂದೇ ಲೆಕ್ಕವೆಂದುಕೊಂಡಿದ್ದರೆ ಈ ಜಮೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಸಸ್ಯಶಾಸ್ತ್ರದ ಅಧ್ಯಾಪಕಿ:
ಅತ್ತಿಯಲ್ಲೂ ಮೂರನೆಯ ಪಕ್ಷವಿದೆ. ಒಳಹೋಗದೆ, ಹೊರಗಿನಿಂದಲೇ ಉದ್ದನೆಯ ಅಂಡನಾಳದಿಂದ ಕಾಯಿಗೆ ರಂಧ್ರ ಕೊರೆದು, ಒಳಗಿನ ಮರಿಗಳ ಮೇಲೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳಿವೆ. ಕೂದಲಿಗಿಂತ ತೆಳುವಾದ ಆ ನಾಳದ ತುದಿ ಸತುವಿನಿಂದ ಗಟ್ಟಿಯಾಗಿರುವುದನ್ನು ಇದೇ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಕೊರೆಯುತ್ತಾ ಕಾಯಿಗೆ ಅಂಟಿಕೊಂಡು ನಿಂತ ಈ ಕಣಜಗಳನ್ನು ಚಗಳಿ ಇರುವೆಗಳು (ಹೌದು, ಮಲೆನಾಡಿನಲ್ಲಿ ಚಟ್ನಿಗೆ ಒದಗುವವೇ) ಹಿಡಿದು ತಿನ್ನುತ್ತವೆ; ಕಾಯಿಯೊಳಗೆ ಸೇರಿಕೊಂಡ ಪರಾಗವಾಹಕ ಅವುಗಳ ಕೈಗೆ ಸಿಗುವುದಿಲ್ಲ. ಆದರೆ ರೆಕ್ಕೆಯಿಲ್ಲದ ಗಂಡುಗಳು ಕೊರೆದ ದಾರಿಯಿಂದ ಹೆಣ್ಣುಗಳು ಹೊರಬರುವ ಹೊತ್ತಿಗೆ, ಅದೇ ಚಗಳಿ ಅವುಗಳನ್ನೂ ಹಿಡಿಯುತ್ತದೆ. ಅದನ್ನು ಮರದ ಮಿತ್ರನೆಂದು ಬರೆಯುವವರು ಈ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.