ಡಬ್ಲ್ಯುಎಂಐಸಿಯಿಂದ ತೆಗೆದ ಸೀರಿಯಲ್ ನಂಬರಲ್ಲಿ ಫೋಲ್ಡರ್ ಆಗ್ತಿಲ್ಲ

ಪ್ರಶ್ನೆ:
ಸಿಸ್ಟಮ್ಮಿನ ಸೀರಿಯಲ್ ನಂಬರ್ ಹೆಸರಲ್ಲಿ ಫೋಲ್ಡರ್ ಮಾಡೋ ಬ್ಯಾಚ್ ಫೈಲ್ (ವಿಂಡೋಸ್ ಕಮಾಂಡುಗಳನ್ನ ಸಾಲಾಗಿ ಓಡಿಸೋ ಫೈಲ್) ಬರೀತಿದ್ದೀನಿ. ‘ಡಬ್ಲ್ಯುಎಂಐಸಿ ಬಯೋಸ್ ಗೆಟ್ ಸೀರಿಯಲ್‌ನಂಬರ್ /ವ್ಯಾಲ್ಯೂ’ ಕಮಾಂಡನ್ನ (ಡಬ್ಲ್ಯುಎಂಐಸಿ ಅಂದ್ರೆ ಸಿಸ್ಟಮ್ಮಿನ ಮಾಹಿತಿ ಕೊಡೋ ವಿಂಡೋಸ್ ಟೂಲ್) ಫಾರ್ /ಎಫ್ (ಬಂದಿದ್ದನ್ನ ಸಾಲು ಸಾಲಾಗಿ ಓದೋ ಲೂಪ್) ಒಳಗೆ ಹಾಕಿ, = ಆದಮೇಲಿನ ಭಾಗವನ್ನ %%ಎ ಅನ್ನೋ ಲೂಪ್ ವೇರಿಯಬಲ್ಲಿಗೆ ತಗೊಂಡೆ. ಲೂಪ್ ಒಳಗೇ ಎಂಡಿ (ಫೋಲ್ಡರ್ ಮಾಡೋ ಕಮಾಂಡ್) ಕೊಟ್ಟರೆ ಹೆಸರಿನ ಸಿಂಟ್ಯಾಕ್ಸ್ ಸರಿಯಿಲ್ಲ ಅನ್ನುತ್ತೆ. ಸ್ಪೇಸ್ ಇರಬಹುದು ಅಂತ ತೆಗೆದೂ ನೋಡಿದೆ, ಊಹೂಂ. ಅದನ್ನೇ ‘ಎಸ್‌ಎನ್’ ಅನ್ನೋ ವೇರಿಯಬಲ್ಲಿಗೆ ಹಾಕಿ ಲೂಪ್ ಮುಗಿದಮೇಲೆ ಎಕೋ ಮಾಡಿದ್ರೆ (ಸ್ಕ್ರೀನಲ್ಲಿ ತೋರಿಸಿದ್ರೆ) ಮಾತ್ರ ಚೊಕ್ಕವಾಗಿ ಬರುತ್ತೆ. ತಲೆ ಕೆಟ್ಟಿದೆ.

ಉತ್ತರ:
ಲೂಪ್ ಒಳಗೆ ಎಕೋ [%%ಎ] ಕೊಟ್ಟು, ಏನು ಕಾಣುತ್ತೆ ಹೇಳಿ.

ಪ್ರಶ್ನೆ ಕೇಳಿದವರು:
] ಸಾಲಿನ ಮೊದಲಿಗೆ ಬಂದು ಕೂತಿದೆ, [ ಕಾಣ್ತಾನೇ ಇಲ್ಲ!

ಉತ್ತರ:
ಹಾಗಾದ್ರೆ ಕಳ್ಳ ಸಿಕ್ಕಿಬಿದ್ದ. ಅದು ಕ್ಯಾರೇಜ್ ರಿಟರ್ನ್, ಅಂದ್ರೆ ಕರ್ಸರನ್ನ ಸಾಲಿನ ಶುರುವಿಗೆ ಒಯ್ಯೋ ಕಣ್ಣಿಗೆ ಕಾಣದ ಅಕ್ಷರ, ಆಸ್ಕಿ 13. ಡಬ್ಲ್ಯುಎಂಐಸಿ ಬರೆಯೋದು ಯುಟಿಎಫ್-16 ಅನ್ನೋ ಅಕ್ಷರ ಸಂಕೇತದಲ್ಲಿ. ಫಾರ್ /ಎಫ್ ಕೈಗೆ ಬರೋ ಹೊತ್ತಿಗೆ ಸಾಲಿನ ಕೊನೆಗೆ ಒಂದರ ಬದಲು ಎರಡು ಕ್ಯಾರೇಜ್ ರಿಟರ್ನ್ ಸೇರಿರುತ್ತೆ. ಫಾರ್ /ಎಫ್ ಒಂದನ್ನ ಕಿತ್ತುಹಾಕುತ್ತೆ, ಇನ್ನೊಂದು ನಂಬರಿಗೆ ಅಂಟಿಕೊಂಡೇ ಇರುತ್ತೆ. ಅದು ಕರ್ಸರನ್ನ ಸಾಲಿನ ಶುರುವಿಗೆ ಎಳೆದಿದ್ದಕ್ಕೇ ] ಹೋಗಿ [ ಮೇಲೆ ಕೂತಿದ್ದು. ಫೋಲ್ಡರ್ ಹೆಸರಲ್ಲಿ ಆ ಅಕ್ಷರವನ್ನ ವಿಂಡೋಸ್ ಒಪ್ಪಲ್ಲ.

ಹೊರಗಡೆ ಚೊಕ್ಕವಾಗಿ ಕಂಡಿದ್ದಕ್ಕೂ ಕಾರಣ ಇದೆ. %ಎಸ್‌ಎನ್% ಬಿಡಿಸಿ ಅದರ ವ್ಯಾಲ್ಯೂ ಹಾಕಿದಮೇಲೆ ಸಿಎಂಡಿ (ಬ್ಯಾಚ್ ಫೈಲ್ ಓಡಿಸೋ ಪ್ರೋಗ್ರಾಂ) ಆ ಸಾಲಿನಲ್ಲಿರೋ ಕ್ಯಾರೇಜ್ ರಿಟರ್ನ್‌ಗಳನ್ನೆಲ್ಲ ಎಸೆದುಬಿಡುತ್ತೆ. %%ಎ ಮತ್ತು !ಎಸ್‌ಎನ್! (ವೇರಿಯಬಲ್ಲನ್ನ ಓಡೋ ಹೊತ್ತಿಗೆ ಬಿಡಿಸೋ ರೀತಿ) ಬಿಡಿಸೋದು ಅದಾದಮೇಲೆ, ಅದಕ್ಕೇ ಅಲ್ಲಿ ಉಳಿಯುತ್ತೆ.

ಪರಿಹಾರ: ಮೊದಲ ಲೂಪಿನ ಡೂ ಆದಮೇಲೆ ಇನ್ನೊಂದು ಫಾರ್ /ಎಫ್ ಹಾಕಿ. ಆಪ್ಷನ್ "ಡೆಲಿಮ್ಸ್=" (ಸಾಲನ್ನ ಎಲ್ಲೂ ಒಡೀಬೇಡ ಅಂತ), ವೇರಿಯಬಲ್ %%ಬಿ, ಇನ್ ಬ್ರ್ಯಾಕೆಟ್ಟಲ್ಲಿ ("%%ಎ"). ಡಬಲ್ ಕೋಟ್ ಮರೀಬೇಡಿ, ಇಲ್ಲದಿದ್ದರೆ ಅದನ್ನ ಫೈಲ್ ಹೆಸರು ಅಂದ್ಕೊಳ್ಳುತ್ತೆ. ಉಳಿದಿದ್ದನ್ನ ಈ ಎರಡನೇ ಲೂಪ್ ಕಿತ್ತುಹಾಕುತ್ತೆ. ಎಂಡಿಗೆ %%ಬಿ ಕೊಡಿ.

ಇನ್ನೊಬ್ಬರು:
ಲೂಪ್ ಮುಗಿದಮೇಲೆ ಸೆಟ್ "ಎಸ್‌ಎನ್=%ಎಸ್‌ಎನ್%" ಅಂತ ಒಂದು ಸಾಲು ಬರೆದ್ರೂ ಸಾಕು. ಆದರೆ ಡೂ ಬ್ರ್ಯಾಕೆಟ್ ಒಳಗೆ ಬರೀಬೇಡಿ, ಅಲ್ಲಿ ಲೂಪ್ ಓಡೋಕೆ ಮುಂಚಿನ ಹಳೇ ವ್ಯಾಲ್ಯೂನೇ ಬರುತ್ತೆ.

ಪ್ರಶ್ನೆ ಕೇಳಿದವರು:
ಎರಡನೇ ಫಾರ್ ಹಾಕಿದ ಕೂಡಲೇ ಫೋಲ್ಡರ್ ಆಯ್ತು. ಎರಡು ದಿನ ಸ್ಪೇಸ್ ಹುಡುಕ್ತಾ ಕೂತಿದ್ದೆ ಸಾರ್!

ಉತ್ತರ:
ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿದ ಸಿಸ್ಟಮ್ಮಲ್ಲಿ ಡಬ್ಲ್ಯುಎಂಐಸಿ ತಾನಾಗೇ ಇರಲ್ಲ. ಅಂಥ ಕಡೆ ಓಡಿಸೋದಿದ್ರೆ, ವಿಂಡೋಸಿನ ಇನ್ನೊಂದು ಕಮಾಂಡ್ ಟೂಲ್ ಆದ ಪವರ್‌ಶೆಲ್ಲಿನ ಗೆಟ್-ಸಿಮ್‌ಇನ್‌ಸ್ಟೆನ್ಸ್ ನೋಡಿ. ಅದರಲ್ಲಿ ಈ ಜೋಡಿ ರಿಟರ್ನಿನ ಕಾಟ ಇಲ್ಲ.