ಸ್ಪೆಕ್ಯುಲಮ್ (ಕನ್ನಡಿ ಮಾಡುವ ತಾಮ್ರ-ತವರದ ಬಿಳಿ ಕಂಚು) ಬಿಲ್ಲೆ ತಣ್ಣಗಾಗುವಾಗ ಬಿರುಕು ಬಿಡುತ್ತಿದೆ, ಉಳಿದದ್ದರ ಮೇಲೆ ಬೂದು ಚುಕ್ಕೆ. ಯಾಕಿರಬಹುದು?

ತವರದ_ತಲೆನೋವು:
ನ್ಯೂಟನ್ 1668ರಲ್ಲಿ ಮಾಡಿದಂಥ ಪುಟ್ಟ ದೂರದರ್ಶಕ ಮಾಡಲು ಹೊರಟಿದ್ದೇನೆ, ಲೋಹದ ಕನ್ನಡಿಯನ್ನೇ ಹಾಕಿ. ಗಾಜಿನದು ಸುಲಭ, ಅಗ್ಗ ಅಂತ ಗೊತ್ತು. ಅದು ಬೇಡ.

ಬಿಲ್ಲೆ ಎರಡು ಇಂಚು ಅಗಲ. ತೂಕದಲ್ಲಿ ಎರಡು ಪಾಲು ತಾಮ್ರ, ಒಂದು ಪಾಲು ತವರ. ತಾಮ್ರ ಹಳೇ ಮೋಟರಿನ ತಂತಿ, ತವರ ಪೇಟೆಯ ಕಲಾಯಿ ಅಂಗಡಿಯದು. ಮರಳಿನ ಅಚ್ಚು. ಸುರಿದು, ಕೆಂಪು ಆರಿದ ಮೇಲೆ ಹೊರಗೆ ತೆಗೆದು ಕಲ್ಲಿನ ಮೇಲೆ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಟಿಣ್ ಅಂತ ಸದ್ದು, ಅಡ್ಡಲಾಗಿ ಬಿರುಕು. ಒಂದು ಮಾತ್ರ ಹೇಗೋ ಉಳಿಯಿತು. ಅದನ್ನು ಉಜ್ಜಿದರೆ ಹೊಳಪಿನ ನಡುವೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು. ತವರ ಜಾಸ್ತಿಯಾಯಿತಾ?

ಅಂದಹಾಗೆ, ಆನ್‌ಲೈನ್‌ನಲ್ಲಿ ‘ಸ್ಪೆಕ್ಯುಲಮ್’ ಅಂತ ಹುಡುಕಿದರೆ ಬರೀ ಆಸ್ಪತ್ರೆ ಸಾಮಾನು ಬರುತ್ತದೆ!

ಕಿವಿಮೂಗುಗಂಟಲು:
ಅದು ನಮ್ಮ ಕಡೆಯ ಸಾಮಾನು ಸ್ವಾಮಿ. ಮೂಗಿನ ಹೊಳ್ಳೆ ಅಗಲಿಸಿ ಒಳಗೆ ನೋಡಲು ದಿನವೂ ಹಿಡಿಯುತ್ತೇನೆ. ಪೊಂಪೇಯಿಯ ಅವಶೇಷಗಳಲ್ಲೂ ವೈದ್ಯರ ಕಂಚಿನ ಸ್ಪೆಕ್ಯುಲಮ್ ಸಿಕ್ಕಿವೆ. ಲ್ಯಾಟಿನ್ನಿನಲ್ಲಿ ಕನ್ನಡಿಗೆ ಈ ಹೆಸರು, ಹಾಗಾಗಿ ನಿಮಗೂ ಹಕ್ಕಿದೆ. ‘ಸ್ಪೆಕ್ಯುಲಮ್ ಮೆಟಲ್’ ಅಥವಾ ‘ಹೈ ಟಿನ್ ಬ್ರಾಂಜ್’ ಅಂತ ಹುಡುಕಿ. ಎರಕದ ವಿಷಯಕ್ಕೆ ನಾನು ಬರುವುದಿಲ್ಲ.

ಎರಕದಮನೆ:
ನಿಮ್ಮ ಅಳತೆ ಸರಿಯಾಗಿಯೇ ಇದೆ. ಬಿರುಕು ಬೇರೆ, ಚುಕ್ಕೆ ಬೇರೆ. ಎರಡಕ್ಕೂ ಒಂದೇ ಕಾರಣ ಹುಡುಕಬೇಡಿ.

ಮೊದಲು ಬಿರುಕು. ತವರ ಸುಮಾರು ಮೂರನೇ ಒಂದು ಪಾಲು ಸೇರಿದ ಕಂಚು ಬಿಳಿಯಾಗಿ ಹೊಳೆಯುತ್ತದೆ ನಿಜ, ಆದರೆ ಗಾಜಿನಷ್ಟೇ ಪೆಡಸು. ಅಂಚು ಬೇಗ ತಣ್ಣಗಾಗಿ, ನಡು ಬಿಸಿಯಾಗಿಯೇ ಉಳಿದರೆ ಸೀಳುತ್ತದೆ. ಕಲ್ಲಿನ ಮೇಲೆ ಇಡುವುದು ಅದಕ್ಕೆ ಹೇಳಿ ಮಾಡಿಸಿದ ದಾರಿ. 1781ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ದೂರದರ್ಶಕಕ್ಕೆ ಮೂರಡಿ ಕನ್ನಡಿ ಎರೆಯಲು ಹೋದಾಗಲೂ ಹೀಗೇ ಆಯಿತು. ಅಚ್ಚು ಕುದುರೆ ಲದ್ದಿ ಬೆರೆಸಿದ ಮಣ್ಣಿನದು. ಲದ್ದಿ ಕುಟ್ಟಿ ಜರಡಿ ಹಿಡಿದವರಲ್ಲಿ ತಂಗಿ ಕ್ಯಾರೊಲಿನ್ ಕೂಡ ಒಬ್ಬರು. ಮೊದಲ ಬಿಲ್ಲೆ ತಣಿಯುವಾಗ ಬಿರಿಯಿತು. ಎರಡನೇ ಸಲ ಕರಗಿದ ಲೋಹವೇ ಸೋರಿ ನೆಲಕ್ಕೆ ಹರಿಯಿತು, ಹಾಸುಗಲ್ಲುಗಳು ಸಿಡಿದು ಹಾರಿದವು. ನೀವೂ ಕಲ್ಲು ನೆಲದ ಮೇಲೆ ಎರೆಯಬೇಡಿ, ಕೆಳಗೆ ಒಣ ಮರಳು ಹರಡಿ.

ಅಚ್ಚನ್ನು ಮೊದಲೇ ಚೆನ್ನಾಗಿ ಕಾಯಿಸಿ. ಒಂದಿಷ್ಟೂ ಪಸೆ ಇರಬಾರದು. ಸುರಿದ ಮೇಲೆ ಬಿಲ್ಲೆಯನ್ನು ಮುಟ್ಟಲೇ ಬೇಡಿ. ಅಚ್ಚಿನ ಸಮೇತ ಬಿಸಿ ಒಲೆಯಲ್ಲಿ ಬೂದಿ ಮುಚ್ಚಿಟ್ಟು, ಬಾಯಿಗೆ ಇಟ್ಟಿಗೆ ಅಡ್ಡ ಇಟ್ಟು, ಮಾರನೇ ದಿನ ತೆಗೆಯಿರಿ. ಐರ್ಲೆಂಡಿನ ಬರ್‌ನಲ್ಲಿ ಖಗೋಳಜ್ಞ ಲಾರ್ಡ್ ರಾಸ್ ತಮ್ಮ ದೂರದರ್ಶಕದ ಆರಡಿ ಕನ್ನಡಿಯನ್ನು ವಾರಗಟ್ಟಲೆ ಒಲೆಯಲ್ಲೇ ಆರಲು ಬಿಟ್ಟರು. ನಿಮಗೆ ಒಂದು ರಾತ್ರಿ ಸಾಕು.

ಈಗ ಚುಕ್ಕೆ. ನನ್ನ ಅನುಮಾನವೆಲ್ಲ ತವರದ ಮೇಲೆ. ಕಲಾಯಿ ತವರದಲ್ಲಿ ಸೀಸ ಬೆರೆತಿರಬಹುದು. ಸೀಸ ಕಂಚಿನಲ್ಲಿ ಕರಗಿ ಬೆರೆಯುವುದಿಲ್ಲ, ಸಣ್ಣ ಸಣ್ಣ ಹನಿಯಾಗಿ ಅಲ್ಲಲ್ಲೇ ನಿಲ್ಲುತ್ತದೆ. ಉಜ್ಜಿದಾಗ ಮೆತ್ತಗಿನ ಬೂದು ಚುಕ್ಕೆಯಾಗಿ ಕಾಣುವುದು ಅದೇ. ಆ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿ. ಶುದ್ಧ ತವರ ಕರಕರ ಅನ್ನುತ್ತದೆ. ಬಿಳಿ ಕಾಗದದ ಮೇಲೆ ಗೀಚಿ, ಪೆನ್ಸಿಲ್ ಥರ ಗೆರೆ ಮೂಡಿದರೆ ಸೀಸ ಜಾಸ್ತಿ ಇದೆ.

ಚುಕ್ಕೆಯ ಜಾಗದಲ್ಲಿ ತೂತು ಇದ್ದರೆ ಮಾತ್ರ ಕಥೆ ಬೇರೆ, ಅದು ಗಾಳಿಗುಳ್ಳೆ.

ತವರದ_ತಲೆನೋವು:
ಕಡ್ಡಿ ತುಟಿಪಿಟಕ್ ಅನ್ನಲಿಲ್ಲ. ಕಾಗದದ ಮೇಲೆ ಗೆರೆ ಮಾತ್ರ ಸೊಗಸಾಗಿ ಬಂತು. ಚುಕ್ಕೆಯಲ್ಲಿ ತೂತಿಲ್ಲ, ಸೂಜಿ ಚುಚ್ಚಿದರೆ ಕಚ್ಚುತ್ತದೆ. ಒಡೆದ ಚೂರುಗಳನ್ನು ಮತ್ತೆ ಕರಗಿಸಬಹುದಾ? ನ್ಯೂಟನ್ ಆರ್ಸೆನಿಕ್ ಸೇರಿಸುತ್ತಿದ್ದರಂತೆ, ಅದು ಬೇಕಾ?

ಎರಕದಮನೆ:
ಆರ್ಸೆನಿಕ್ ಖಂಡಿತ ಬೇಡ, ಹೊಗೆಯೇ ವಿಷ. ಚೂರುಗಳಲ್ಲಿ ಅದೇ ಸೀಸ ಇದೆ, ಕನ್ನಡಿಗೆ ಬೇಡ. ಹೊಸ ತವರ ತನ್ನಿ. ಬೆಸುಗೆ ತಂತಿ ತರಬೇಡಿ, ಅದರಲ್ಲೂ ಸಾಮಾನ್ಯವಾಗಿ ಸೀಸವೇ.

ತಾಮ್ರ 1085 ಡಿಗ್ರಿಗೆ ಕರಗುತ್ತದೆ, ತವರ 232ಕ್ಕೆ. ಮೊದಲು ತಾಮ್ರ ಕರಗಿಸಿ, ಮೇಲೆ ಇದ್ದಿಲು ಪುಡಿ ಮುಚ್ಚಿ, ತವರ ಕೊನೆಗೆ ಹಾಕಿ. ತವರ ಸೇರಿದ ಮೇಲೆ ತಾಮ್ರಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕರಗಿರುತ್ತದೆ, ಸುಮ್ನೆ ಕಾಯಿಸುತ್ತಾ ಕೂರಬೇಡಿ. ತವರ ಸುಟ್ಟು ಕಿಟ್ಟವಾದರೆ ಬಿಲ್ಲೆ ಹಳದಿಗೆ ತಿರುಗುತ್ತದೆ. ಮೋಟರ್ ತಂತಿಯ ವಾರ್ನಿಶ್ ಮೊದಲೇ ಸುಟ್ಟು ಉಜ್ಜಿದ್ದೀರಿ ತಾನೇ?

ಬಿಳಿಕಂಚು:
ಮಧ್ಯೆ ಬಾಯಿ ಹಾಕುತ್ತೇನೆ. ಕೇರಳದ ಆರನ್ಮುಳ ಕನ್ನಡಿಯವರು ಇದೇ ಪಾಲಿನ ಆಸುಪಾಸಿನ ಲೋಹವನ್ನು ಇವತ್ತಿಗೂ ಮಣ್ಣಿನ ಅಚ್ಚಿನಲ್ಲಿ ಎರೆಯುತ್ತಾರೆ. ನಮ್ಮ ಬೆಂಗಳೂರಿನ ಶಾರದಾ ಶ್ರೀನಿವಾಸನ್ ಆ ಲೋಹದ ಮೇಲೆ ಸಂಶೋಧನೆ ಮಾಡಿದ್ದಾರೆ, ಅವರ ಬರಹ ಹುಡುಕಿ ಓದಿ.

ತವರದ_ತಲೆನೋವು:
ಹೊಸ ತವರ ಸಿಕ್ಕಿತು, ಕರಕರ ಅನ್ನುತ್ತದೆ. ಬೂದಿಯಲ್ಲಿ ರಾತ್ರಿಯಿಡೀ ಇಟ್ಟ ಬಿಲ್ಲೆ ಇಡಿಯಾಗಿ ಬಂತು! ಉಜ್ಜಿದ ಅಂಚಿನಲ್ಲಿ ಚುಕ್ಕೆ ಇಲ್ಲ. ಮುಂದೆ ಮಂಕಾದರೆ ಏನು ಮಾಡಲಿ?

ಎರಕದಮನೆ:
ಮಂಕು ಬಂದೇ ಬರುತ್ತದೆ. ಮತ್ತೆ ರಾಳದ ಮೇಲೆ ಉಜ್ಜಬೇಕು, ಆಗ ಗುಳಿಯ ಆಕಾರವೂ ಕೆಡಬಹುದು. ರಾಸ್ ಅದಕ್ಕೇ ಎರಡು ಕನ್ನಡಿ ಇಟ್ಟುಕೊಂಡಿದ್ದರು, ಒಂದು ಕೊಳವೆಯಲ್ಲಿ, ಒಂದು ಉಜ್ಜಲು. ಒಲೆ ಹೇಗೂ ಸಿದ್ಧ ಇದೆ ಅಲ್ವಾ, ಇನ್ನೊಂದು ಎರೆದಿಡಿ. ಬಳಸದಾಗ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿ, ಬೆರಳು ಮಾತ್ರ ತಾಗಿಸಬೇಡಿ.