42×28 ಮಿಮೀ ಸರ್ಕ್ಯೂಟ್ ಬೋರ್ಡನ್ನು ಪ್ಯಾನೆಲ್ ಮಾಡಬೇಕು: ವಿ-ಕಟ್ಟಾ, ಮೌಸ್ ಬೈಟಾ?

ಟ್ಯಾಂಕ್‌ತುಂಬಿತು (ರಾಜಾಜಿನಗರ):

ಎಲ್ಲರಿಗೂ ನಮಸ್ಕಾರ. ಸಂಪಿನ ಮೋಟರ್ ತಾನಾಗೇ ಆನ್-ಆಫ್ ಆಗೋ ಹಾಗೆ ಒಂದು ಚಿಕ್ಕ ಕಂಟ್ರೋಲರ್ ಮಾಡಿದ್ದೇನೆ. ನಮ್ಮ ಮನೆ, ಎದುರು ಮನೆ, ಅತ್ತೆ ಮನೆ, ಮೂರು ಕಡೆ ಆರು ತಿಂಗಳಿಂದ ತೊಂದರೆ ಇಲ್ಲದೆ ಓಡುತ್ತಿದೆ. ಈಗ ನಮ್ಮ ಬೀದಿಯ ಪ್ಲಂಬರ್ ನೂರು ಪೀಸ್ ಬೇಕು ಅಂತ ಕೂತಿದ್ದಾರೆ. ಇಷ್ಟು ದಿನ ಬಿಡಿ ಬೋರ್ಡ್ ತರಿಸಿ ಮನೆಯಲ್ಲೇ ಸೋಲ್ಡರ್ ಮಾಡುತ್ತಿದ್ದೆ. ನೂರು ನನ್ನ ಕೈಲಿ ಆಗಲ್ಲ.

ಬೋರ್ಡ್ 42×28 ಮಿಮೀ, ಎರಡು ಲೇಯರ್, 1.6 ಮಿಮೀ ದಪ್ಪ. ಮೂಲೆಗಳು 2 ಮಿಮೀ ದುಂಡಗಿವೆ. 28 ಮಿಮೀ ಇರುವ ಒಂದು ಬದಿಯಲ್ಲಿ ಸ್ಕ್ರೂ ಟರ್ಮಿನಲ್ ಇದೆ, ಅಂಚಿನಿಂದ 1 ಮಿಮೀ ಹೊರಗೆ ಚಾಚಿದೆ. 230 ವೋಲ್ಟ್ ಎಲ್ಲ ಬೇರೆ ರಿಲೇ ಬೋರ್ಡಿನಲ್ಲಿ, ಇದರಲ್ಲಿ ಬರೀ 5 ವೋಲ್ಟ್.

ಪೀಣ್ಯದ ಒಂದು ಕಡೆ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೆ ಬೆಸೆಯುವ ಪುಟ್ಟ ಪಾರ್ಟ್‌ಗಳು) ಕೂರಿಸಿಕೊಡ್ತೀರಾ ಅಂತ ಕೇಳಿದೆ. "ಬಿಡಿ ಬೋರ್ಡ್ ತರಬೇಡಿ, ಪ್ಯಾನೆಲ್ ತನ್ನಿ, ರೈಲ್ ಇರಲಿ" ಅಂದರು. ಅಂದರೆ ಹಲವು ಬೋರ್ಡ್ ಸೇರಿದ ಒಂದೇ ಹಾಳೆ, ಮೆಷಿನ್ ಹಿಡಿಯಲು ಅಂಚಿನಲ್ಲಿ ಪಟ್ಟಿ. ಸರಿ ಅಂತ ಆರು ಬೋರ್ಡ್ ಜೋಡಿಸಿ, ನಡುವೆ 2 ಮಿಮೀ ಸಂದು ಬಿಟ್ಟು ಮೌಸ್ ಬೈಟ್ (ಮುರಿಯಲು ಸಣ್ಣ ತೂತುಗಳ ಸಾಲಿರುವ ಕಿರಿದಾದ ಸೇತುವೆ) ಹಾಕಿದೆ. ಎರಡು ಕಡೆ ರೈಲ್ ಸೇರಿ ಉದ್ದ 102 ಮಿಮೀ! 100×100 ದಾಟಿದ ಕೂಡಲೇ ರೇಟ್ ಎಲ್ಲಿಗೋ ಹೋಯಿತು. ಎರಡೇ ಎರಡು ಮಿಮೀಗೆ.

ಇನ್ನೊಂದು ತಲೆನೋವು. ಬೋರ್ಡ್ ಡಿಸೈನ್ ಮಾಡೋ ಕಿಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಕಾಪಿ-ಪೇಸ್ಟ್ ಮಾಡಿದರೆ ಸಿ1 ಅಂತ ಹೆಸರಿದ್ದ ಕೆಪಾಸಿಟರ್ ಸಿ14 ಆಗುತ್ತದೆ, ಒಂದು ಬೋರ್ಡಿನ ಗ್ರೌಂಡ್‌ನಿಂದ ಇನ್ನೊಂದಕ್ಕೆ ಜೇಡರಬಲೆ ಥರ ಗೆರೆ ಎಳೆದುಕೊಳ್ಳುತ್ತದೆ. ನೀವೆಲ್ಲ ಹೇಗೆ ಮಾಡ್ತೀರಿ?

ಸೋಲ್ಡರ್‌ಹೊಗೆ:

ಅಷ್ಟೆಲ್ಲ ಯಾಕೆ ಗುರು? ಒಂದೇ ಬೋರ್ಡಿನ ಗರ್ಬರ್ (ಬೋರ್ಡ್ ತಯಾರಿಸುವವರಿಗೆ ಕೊಡುವ ಡಿಸೈನ್ ಫೈಲ್) ಕಳಿಸಿ, ಆರ್ಡರ್ ಮಾಡುವಾಗ 2×3 ಅಂತ ಕೊಡಿ. ಅವರೇ ಜೋಡಿಸಿಕೊಳ್ತಾರೆ. ನಾನು ಹಾಗೇ ಮಾಡೋದು.

ಹಳೇಪೀಣ್ಯ:

ಬರೀ ಬೋರ್ಡ್ ತರಿಸೋದಾದರೆ ಅದು ಸರಿಯೇ. ಆದರೆ ಇಲ್ಲಿ ಟರ್ಮಿನಲ್ ಹೊರಗೆ ಚಾಚಿದೆ. ಅವರು ಎಲ್ಲ ಬೋರ್ಡನ್ನೂ ಒಂದೇ ದಿಕ್ಕಿಗೆ ಜೋಡಿಸಿದರೆ ಒಂದರ ಟರ್ಮಿನಲ್ ಪಕ್ಕದ್ದರ ಮೇಲೆ ಹೋಗಿ ಕೂರುತ್ತೆ. ಇದನ್ನು ನಾವೇ ಮಾಡಿಕೊಳ್ಳೋದು ವಾಸಿ.

ಟ್ಯಾಂಕ್‌ತುಂಬಿತು ಅವರೇ, ನಿಮಗೆ ವಿ-ಕಟ್ (ಮುರಿಯಲು ಎರಡೂ ಕಡೆ ಗೀರಿದ ವಿ ಆಕಾರದ ಗೆರೆ) ಸಾಕು. ಸಂದೇ ಬೇಡ, ಬೋರ್ಡಿಗೆ ಬೋರ್ಡ್ ಅಂಟಿಸಿ ಇಡಬಹುದು. ಅಡ್ಡಕ್ಕೆ ಎರಡು, 84. ಉದ್ದಕ್ಕೆ ಮೂರು, ಅದೂ 84. ಮೇಲೆ ಕೆಳಗೆ 5 ಮಿಮೀ ರೈಲ್ ಸೇರಿಸಿದರೆ 94. ಒಟ್ಟು 84×94, ನೂರರ ಒಳಗೇ ಆಯಿತು. ಎರಡು ಸಾಲಿನಲ್ಲಿ ಒಂದನ್ನು 180 ಡಿಗ್ರಿ ತಿರುಗಿಸಿ. ಆಗ ಟರ್ಮಿನಲ್ ಎಲ್ಲ ಎಡಬಲದ ಹೊರ ಅಂಚಿಗೆ ಬರುತ್ತವೆ, ಅಲ್ಲಿ ರೈಲೂ ಇಲ್ಲ, ಪಕ್ಕದ ಬೋರ್ಡೂ ಇಲ್ಲ.

ದುಂಡು ಮೂಲೆ ಬಿಡಿ. ವಿ-ಕಟ್ ಬ್ಲೇಡ್ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತೆ, ತಿರುಗಲ್ಲ. ಮೇಲಿಂದಲೂ ಕೆಳಗಿಂದಲೂ ಗೀರಿ ನಡುವೆ ಮೂರನೇ ಒಂದು ಭಾಗದಷ್ಟು ಉಳಿಸುತ್ತಾರೆ, 1.6ಕ್ಕೆ ಅರ್ಧ ಮಿಮೀ ಅಂದುಕೊಳ್ಳಿ. ಟ್ರ್ಯಾಕ್, ಗ್ರೌಂಡ್ ತಾಮ್ರ ಎಲ್ಲ ಆ ಗೆರೆಯಿಂದ ಕನಿಷ್ಠ 0.5 ಮಿಮೀ ಒಳಗಿರಲಿ.

ಈಗ ಮುಖ್ಯ ವಿಷಯ. ನಿಮ್ಮ ಅಂಚಿನ ಹತ್ತಿರ ಸೆರಾಮಿಕ್ ಕೆಪಾಸಿಟರ್ ಇದೆಯಾ? ನಾನು ಇದರಲ್ಲಿ ಕೈ ಸುಟ್ಟುಕೊಂಡವನು. ಐವತ್ತು ಬೋರ್ಡಿನ ಒಂದು ಬ್ಯಾಚ್. ಒಂದು 1206 ಸೈಜಿನ ಕೆಪಾಸಿಟರ್ ಗೆರೆಯಿಂದ ಒಂದೂವರೆ ಮಿಮೀ ದೂರದಲ್ಲಿ, ಗೆರೆಗೆ ಅಡ್ಡಲಾಗಿ ಇತ್ತು. ಪ್ಯಾನೆಲನ್ನು ಟೇಬಲ್ ಅಂಚಿಗೆ ಒತ್ತಿ ಚಾಕೊಲೇಟ್ ಮುರಿದ ಹಾಗೆ ಲಟಲಟ ಮುರಿದೆ. ಅವತ್ತು ಟೆಸ್ಟ್‌ನಲ್ಲಿ ಐವತ್ತೂ ಪಾಸು. ಮೂರು ವಾರ ಕಳೆದ ಮೇಲೆ ಒಂದೊಂದೇ ವಾಪಸ್ ಬರಲು ಶುರು, ಒಟ್ಟು ಒಂಬತ್ತು. ಎಲ್ಲದರಲ್ಲೂ 5 ವೋಲ್ಟ್ ಲೈನ್ ಶಾರ್ಟ್. ಕೆಪಾಸಿಟರ್ ಕಿತ್ತು ಲೆನ್ಸಿನಲ್ಲಿ ನೋಡಿದರೆ ಬುಡದ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಕೂದಲೆಳೆಯಂಥ ಬಿರುಕು. ಹೊರಗಿಂದ ಏನೂ ಕಾಣುತ್ತಿರಲಿಲ್ಲ.

ಅವತ್ತಿನಿಂದ ಕೆಪಾಸಿಟರನ್ನು ಗೆರೆಯಿಂದ 5 ಮಿಮೀ ದೂರ ಇಡ್ತೀನಿ. ಜಾಗ ಇಲ್ಲದಿದ್ದರೆ ಗೆರೆಯ ಉದ್ದಕ್ಕೇ ಮಲಗಿಸ್ತೀನಿ, ಅಡ್ಡ ಇಡಲ್ಲ. ಕೈಯಲ್ಲಿ ಮುರಿಯೋದೂ ಬಿಟ್ಟೆ. ಪಿಜ್ಜಾ ಕತ್ತರಿಸೋ ಚಕ್ರದಂಥ ಬ್ಲೇಡ್ ಇರೋ ಮೆಷಿನ್ ಬರುತ್ತೆ. ಬೋರ್ಡ್ ಕೂರಿಸುವವರ ಹತ್ತಿರ ಇರುತ್ತೆ, ಬೇರ್ಪಡಿಸಿಯೇ ಕೊಡಿ ಅಂತ ಕೇಳಿ.

ರೈಲ್ ಮೇಲೆ ಮೂರು ಫಿಡ್ಯೂಷಿಯಲ್ (ಮೆಷಿನ್‌ನ ಕ್ಯಾಮೆರಾ ಜಾಗ ಗುರುತಿಸೋ ಚುಕ್ಕೆ): 1 ಮಿಮೀ ತಾಮ್ರದ ಚುಕ್ಕೆ, ಸುತ್ತ 2 ಮಿಮೀ ವ್ಯಾಸದವರೆಗೆ ಸೋಲ್ಡರ್ ಮಾಸ್ಕ್ (ಬೋರ್ಡಿನ ಹೊರ ಲೇಪ) ಬಿಟ್ಟಿರಬೇಕು. ಮೂರೇ ಯಾಕೆ ಅಂದರೆ ಪ್ಯಾನೆಲ್ ತಲೆಕೆಳಗೆ ಹೋದರೆ ಮೆಷಿನ್‌ಗೆ ಗೊತ್ತಾಗಲಿ ಅಂತ. ತಮಾಷೆ ಏನಪ್ಪಾ ಅಂದರೆ, ಒಂದು ಸಾಲು ತಿರುಗಿಸಿದ ಮೇಲೆ ನಿಮ್ಮ ಪ್ಯಾನೆಲ್ ತಲೆಕೆಳಗೆ ಹಾಕಿದರೂ ಹಾಗೇ ಕಾಣುತ್ತೆ, ಪಾರ್ಟ್‌ಗಳೂ ಸರಿಯಾಗೇ ಕೂರುತ್ತವೆ. ಆದರೂ ಮೂರೇ ಹಾಕಿ. ಮುಂದಿನ ಡಿಸೈನ್ ಹೀಗಿರುತ್ತೆ ಅಂತ ಏನು ಗ್ಯಾರಂಟಿ?

ಕಾಪಿ-ಪೇಸ್ಟ್ ಬಿಟ್ಟು ಕಿಕಿಟ್ ಹಾಕಿಕೊಳ್ಳಿ. ಕಿಕ್ಯಾಡ್‌ಗೆ ಅಂತಲೇ ಇರೋ ಪುಕ್ಕಟೆ ಪ್ಲಗಿನ್. ಸಿ1 ಸಿ1 ಆಗಿಯೇ ಉಳಿಯುತ್ತೆ, ಪ್ರತಿ ಬೋರ್ಡಿನ ನೆಟ್‌ಗೂ (ಒಂದಕ್ಕೊಂದು ಸೇರಿರುವ ಸಂಪರ್ಕಗಳ ಗುಂಪು) ಬೇರೆ ಹೆಸರು ಕೊಡುತ್ತೆ, ಆ ಜೇಡರಬಲೆ ಇರಲ್ಲ.

ಸೋಲ್ಡರ್‌ಹೊಗೆ:

ಟರ್ಮಿನಲ್ ನಾನು ಗಮನಿಸಲಿಲ್ಲ, ಸಾರಿ. ಒಂದು ಮಾತು ಸೇರಿಸ್ತೀನಿ. ಆರರಲ್ಲಿ ಒಂದು ಬೋರ್ಡ್ ಕೆಟ್ಟಿದ್ದರೆ ಅದರ ಮೇಲೆ ಕಾಟು ಹಾಕಿ ಪ್ಯಾನೆಲ್ ಕಳಿಸೋದುಂಟು. ಅದು ಬೇಡ ಅಂತ ಆರ್ಡರಿನಲ್ಲೇ ಹೇಳಿಬಿಡಿ. ಇಲ್ಲಾಂದರೆ ಯಾವ ಪ್ಯಾನೆಲ್‌ನಲ್ಲಿ ಯಾವುದನ್ನು ಬಿಡಬೇಕು ಅಂತ ಮೆಷಿನ್ ಮುಂದೆ ನಿಂತು ಹೇಳಬೇಕಾಗುತ್ತೆ.

ಟ್ಯಾಂಕ್‌ತುಂಬಿತು:

ಹಳೇಪೀಣ್ಯ ಸರ್, ಬೋರ್ಡ್ ತೆಗೆದು ನೋಡಿದೆ. ಸಿ7 ಅಂತ ಒಂದು 1206 ಇದೆ. 42 ಮಿಮೀ ಅಂಚಿನಿಂದ 1.2 ಮಿಮೀ, ಅದೂ ಅಡ್ಡಲಾಗಿ! ನೀವು ಹೇಳಿದ್ದನ್ನು ನೋಡಿಯೇ ಇಟ್ಟ ಹಾಗಿದೆ. ತಿರುಗಿಸಿ 3 ಮಿಮೀ ಒಳಗೆ ತಂದೆ, ಅದಕ್ಕಿಂತ ಜಾಸ್ತಿ ಜಾಗ ಇಲ್ಲ.

ದುಂಡು ಮೂಲೆ ಸುಮ್ನೆ ಅಂದಕ್ಕೆ ಮಾಡಿದ್ದು. ಕ್ಯಾಲಿಪರ್ ಹಿಡಿದು ನೋಡಿದೆ, ಡಬ್ಬಿಯೊಳಗೆ ಸುತ್ತ 1.5 ಮಿಮೀ ಜಾಗ ಇದೆ, ಚೌಕ ಮೂಲೆ ಕೂರುತ್ತೆ. ಪ್ಯಾನೆಲ್ 84×94 ಬಂತು, ಹಳೇ ರೇಟಿಗೇ. 17 ಪ್ಯಾನೆಲ್ ಹೇಳಲಾ? 102 ಬೋರ್ಡ್ ಆಗುತ್ತೆ.

ಹಳೇಪೀಣ್ಯ:

20 ಹೇಳಿ. ಮೊದಲನೇ ಪ್ಯಾನೆಲ್ ಮೆಷಿನ್ ಸೆಟ್ ಮಾಡೋದರಲ್ಲೇ ಹೋಗುತ್ತೆ. 3 ಮಿಮೀ ಅಂದರಲ್ಲ, ಹಾಗಾದರೆ ಬ್ಲೇಡ್ ಮೆಷಿನ್ ಬೇಕೇ ಬೇಕು, ಕೈಯಲ್ಲಿ ಮುರಿಯಬೇಡಿ. ಅಂಚು ಒರಟಾಗಿರುತ್ತೆ, ಡಬ್ಬಿಗೆ ಹಿಡಿದರೆ ಎಮರಿ ಪೇಪರಿನಲ್ಲಿ ಉಜ್ಜಿ. ಗಾಜಿನ ಧೂಳು ಅದು, ಮೂಗಿಗೆ ಮಾಸ್ಕ್ ಇರಲಿ, ಅಡುಗೆಮನೆ ಹತ್ತಿರ ಬೇಡ.

ಟ್ಯಾಂಕ್‌ತುಂಬಿತು:

ಆಯ್ತು ಸರ್, ಟೆರೇಸಿನಲ್ಲಿ ಟ್ಯಾಂಕ್ ಪಕ್ಕ ಕೂತು ಉಜ್ಜುತ್ತೇನೆ. ಗರ್ಬರ್ ಇವತ್ತು ರಾತ್ರಿ ಕಳಿಸ್ತಿದ್ದೇನೆ.